ಚಕ್ರಕ್ಕೆ 22 ಕಡ್ಡಿ: ಸೊಸೈಟಿಯ ಬಾವುಟದಿಂದ ಹುಟ್ಟಿದ ಪ್ರಶ್ನೆಗಳು

ಡೊಂಬಿವಲಿ ಫಾಸ್ಟ್ | ಜುಲೈ 20, ರಾತ್ರಿ 10.15

ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ಹೌಸಿಂಗ್ ಸೊಸೈಟಿಯ ಧ್ವಜವಂದನೆಯ ಹೊಣೆ ನನ್ನ ಕೊರಳಿಗೆ ಬಿದ್ದಿದೆ. ಹೋದ ವರ್ಷ ಎಲ್ಲರಿಗಿಂತ ಜೋರಾಗಿ ಗೊಣಗಿದವನು ನಾನೇ ಆದ್ದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಆದದ್ದು ಇಷ್ಟು. ಆಗಸ್ಟ್ ಹದಿನಾಲ್ಕರ ಸಂಜೆ ಸ್ಟೇಷನ್ ಹೊರಗಿನ ಗಾಡಿಯಿಂದ ಒಂದು ಬಾವುಟ ತಂದರು. ಮಿರಿಮಿರಿ ಮಿಂಚುವ ಪಾಲಿಯೆಸ್ಟರ್. ಬೆಳಿಗ್ಗೆ ಎಂಟಕ್ಕೆ ಜಡಿಮಳೆ, ಕೊಡೆಗಳ ಕೆಳಗೆ ನಲವತ್ತು ಜನ. ಹಗ್ಗ ಎಳೆದರೆ ಬಾವುಟ ಅರ್ಧದಲ್ಲೇ ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದಾಗ ಬಿಚ್ಚಿಕೊಂಡಿತು, ಆದರೆ ಹಸಿರು ಮೇಲೆ, ಕೇಸರಿ ಕೆಳಗೆ. ಅದನ್ನು ಮೊದಲು ಕಂಡವನು ನಮ್ಮ ಕಾವಲುಗಾರ. ಉಳಿದ ನಾವೆಲ್ಲ ಆಗಲೇ ಸೆಲ್ಯೂಟ್ ಹೊಡೆದಾಗಿತ್ತು. ಇಳಿಸಿ, ತಿರುಗಿಸಿ ಕಟ್ಟಿ, ಏರಿಸಿ, ರಾಷ್ಟ್ರಗೀತೆ ಮುಗಿಸುವಷ್ಟರಲ್ಲಿ ಚಕ್ರದ ನೀಲಿ ಬಿಳಿಯ ಮೇಲೆ ಇಳಿಯತೊಡಗಿತ್ತು. ಮೂರನೇ ಮಹಡಿಯ ಐದನೇ ತರಗತಿಯ ಹುಡುಗ ಬಾವುಟ ಇಳಿಸಿದ ಮೇಲೆ ಕಡ್ಡಿಗಳನ್ನು ಎಣಿಸಿ ಬಂದು "ಅಂಕಲ್, 22 ಇದೆ" ಎಂದ. ಚಕ್ರವಾದರೂ ದುಂಡಗಿತ್ತೇ? ಕೋಳಿಮೊಟ್ಟೆಯಂತಿತ್ತು.

ಅದೇ ಹುಡುಗ "ಈ ಬಾವುಟದ ಚಿತ್ರ ಮೊದಲು ಬರೆದವರು ಯಾರು?" ಎಂದೂ ಕೇಳಿದ. ಒಬ್ಬರು ಗಾಂಧೀಜಿ ಎಂದರು, ಇನ್ನೊಬ್ಬರು ನೆಹರು, ಮತ್ತೊಬ್ಬರು ಪಿಂಗಳಿ ವೆಂಕಯ್ಯ, ಪಾರ್ಸಿ ಅಜ್ಜಿಯೊಬ್ಬರು ಮೇಡಂ ಕಾಮಾ. ಐದನೆಯವರು "ಮೊದಲು ಚಹಾ ಕುಡಿಯೋಣ" ಎಂದರು.

ಪಾಲಿಯೆಸ್ಟರ್ ಬಾವುಟಕ್ಕೆ ಕಾನೂನಿನ ಅಡ್ಡಿ ಇದೆಯೇ? ಇಪ್ಪತ್ತು ಅಡಿ ಕಂಬಕ್ಕೆ ಯಾವ ಅಳತೆ ಹೊಂದುತ್ತದೆ? ಆ ಹುಡುಗನಿಗೆ ಯಾವ ಹೆಸರು ಹೇಳಲಿ? ತಿಳಿದವರು ಬರೆಯಿರಿ.

ಮಾಟುಂಗದ ಮಾಸ್ತರ್ | ಜುಲೈ 20, ರಾತ್ರಿ 11.02

ಪಾಲಿಯೆಸ್ಟರ್‌ಗೆ ಅಡ್ಡಿಯಿಲ್ಲ. ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ಆದ ತಿದ್ದುಪಡಿಯ ನಂತರ ಯಂತ್ರದಲ್ಲಿ ತಯಾರಾದದ್ದೂ ಪಾಲಿಯೆಸ್ಟರೂ ಸರಿ. ಅದಕ್ಕೂ ಮುಂಚೆ ಕೈಯಲ್ಲಿ ನೂತು ಕೈಯಲ್ಲೇ ನೇಯ್ದ ಹತ್ತಿ, ಉಣ್ಣೆ ಅಥವಾ ರೇಷ್ಮೆಯ ಖಾದಿ ಮಾತ್ರ ಆಗಿತ್ತು. ಮೊಟ್ಟೆಯಾಕಾರದ ಚಕ್ರಕ್ಕೆ ಮಾತ್ರ ಯಾವ ತಿದ್ದುಪಡಿಯೂ ಅನುಮತಿ ಕೊಟ್ಟಿಲ್ಲ. ಅಗಲ ಉದ್ದಗಳು 2:3, ಕಡ್ಡಿಗಳು 24.

"ಯಾರು ಬರೆದರು" ಎಂಬುದಕ್ಕೆ ನಾಳೆ ಬರೆಯುತ್ತೇನೆ. ಒಂದು ಹೆಸರಿನಲ್ಲಿ ಮುಗಿಯುವ ಉತ್ತರವಲ್ಲ.

ಥಾನು ಲೆಕ್ಕ | ಜುಲೈ 20, ರಾತ್ರಿ 11.20

ಏಕೆ ಮುಗಿಯುವುದಿಲ್ಲ? ಪಿಂಗಳಿ ವೆಂಕಯ್ಯ. ಅಂಚೆಚೀಟಿಯೇ ಬಂದಿದೆ, 2009ರಲ್ಲಿ.

ಮಾಟುಂಗದ ಮಾಸ್ತರ್ | ಜುಲೈ 21, ಮಧ್ಯಾಹ್ನ 3.30

ಅಂಚೆಚೀಟಿ ಬಂದಿದೆ, ಬರಬೇಕಾದದ್ದೇ. ಆದರೆ 1921ರಲ್ಲಿ ಬೆಜವಾಡದ (ಈಗಿನ ವಿಜಯವಾಡ) ಕಾಂಗ್ರೆಸ್ ಸಭೆಗೆ ವೆಂಕಯ್ಯನವರು ತಂದ ಬಾವುಟವನ್ನು ನಿಮ್ಮ ಮುಂದಿಟ್ಟರೆ ನೀವು ಗುರುತಿಸಲಾರಿರಿ. ಅದರಲ್ಲಿದ್ದದ್ದು ಕೆಂಪು ಮತ್ತು ಹಸಿರು. ಗಾಂಧೀಜಿ ಬಿಳಿಯನ್ನು ಸೇರಿಸಲು ಹೇಳಿದರು. ಆಮೇಲೆ ಓಡಾಡಿದ ಬಾವುಟದಲ್ಲಿ ಬಿಳಿ ಮೇಲೆ, ಹಸಿರು ನಡುವೆ, ಕೆಂಪು ಕೆಳಗೆ, ಅಡ್ಡಕ್ಕೆ ದೊಡ್ಡ ಚರಕ. ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದವರಿಗೆ ಎಂಬ ವಿವರಣೆಯೂ ಜೊತೆಗೇ ಬಂತು. ಜಗಳ ಹುಟ್ಟಿದ್ದು ಅಲ್ಲೇ. ಸಿಖ್ಖರು "ಹಾಗಾದರೆ ನಮ್ಮ ಬಣ್ಣ ಎಲ್ಲಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

1931ರಲ್ಲಿ ಇದನ್ನು ಬಗೆಹರಿಸಲು ಏಳು ಜನರ ಸಮಿತಿ ಆಯಿತು. ಪಟೇಲ್, ನೆಹರು, ಆಜಾದ್, ಮಾಸ್ಟರ್ ತಾರಾ ಸಿಂಗ್, ಕಾಕಾ ಕಾಲೇಲ್ಕರ್, ಪಟ್ಟಾಭಿ ಸೀತಾರಾಮಯ್ಯ. ಏಳನೆಯವರು ನಮ್ಮ ಹುಬ್ಬಳ್ಳಿಯ ಡಾಕ್ಟರ್ ನಾ.ಸು. ಹರ್ಡೀಕರ್, ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಸೇವಾದಳ ಕಟ್ಟಿದವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಕ್ಷಮೆ ಕೇಳದೆ ಜೈಲಿನಲ್ಲಿ ಕುಳಿತ ಹುಬ್ಬಳ್ಳಿಯ ಸ್ವಯಂಸೇವಕರು ಅವರ ಕಡೆಯ ಹುಡುಗರೇ.

ಈ ಏಳು ಜನ ಏನು ಶಿಫಾರಸು ಮಾಡಿದರು ಗೊತ್ತೇ? ಪೂರ್ತಿ ಕೇಸರಿ ಬಣ್ಣದ ಬಾವುಟ, ಕಂಬದ ಕಡೆಯ ಮೇಲಿನ ಮೂಲೆಯಲ್ಲಿ ಕಂದು ಬಣ್ಣದ ಚರಕ. ಅಂದರೆ ತ್ರಿವರ್ಣವೇ ಇಲ್ಲ! ಆ ವರ್ಷದ ಆಗಸ್ಟ್‌ನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಅದನ್ನು ತಳ್ಳಿಹಾಕಿ ಕೇಸರಿ, ಬಿಳಿ, ಹಸಿರು, ನಡುವೆ ನೀಲಿ ಚರಕ ಎಂದು ತೀರ್ಮಾನಿಸಿತು. ಬಣ್ಣಗಳಿಗೆ ಮತಧರ್ಮದ ಅರ್ಥವಿಲ್ಲ ಎಂದೂ ಬರೆದಿಟ್ಟಿತು. ಸಭೆ ಸೇರಿದ್ದು ಎಲ್ಲಿ? ಇದೇ ಮುಂಬೈಯಲ್ಲಿ. ಕೆಂಪಿನ ಜಾಗಕ್ಕೆ ಕೇಸರಿ ಬಂದದ್ದು, ಅದು ಮೇಲಕ್ಕೆ ಏರಿದ್ದು ಈ ಊರಿನಲ್ಲಿ. ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ಇದು ನಿವೃತ್ತನಾದ ಮೇಲೆ ತಿಳಿಯಿತು.

ಥಾನು ಲೆಕ್ಕ | ಜುಲೈ 21, ಸಂಜೆ 5.10

ಮಾಸ್ತರರೇ, ಒಪ್ಪಿದೆ. ಹಾಗಾದರೆ ಚರಕ ಹೋಗಿ ಚಕ್ರ ಬಂದದ್ದು?

ಮಾಟುಂಗದ ಮಾಸ್ತರ್ | ಜುಲೈ 22, ಬೆಳಿಗ್ಗೆ 7.45

ಕೇಳಿದ ಹೊತ್ತು ಚೆನ್ನಾಗಿದೆ, ಇವತ್ತೇ ಜುಲೈ 22. 1947ರಲ್ಲಿ ಇದೇ ದಿನ ಸಂವಿಧಾನ ಸಭೆ ಬಾವುಟವನ್ನು ಅಂಗೀಕರಿಸಿತು. ನಿರ್ಣಯ ಮಂಡಿಸಿದ ನೆಹರು ಚಕ್ರದ ಬಗ್ಗೆ ಕೊಟ್ಟ ಒಂದು ಕಾರಣ ದರ್ಜಿಯೊಬ್ಬ ಕೊಡುವಂಥದ್ದು. ಬಾವುಟಕ್ಕೆ ಎರಡು ಮೈ. ಚರಕದಲ್ಲಿ ಒಂದು ಕಡೆ ಗಾಲಿ, ಇನ್ನೊಂದು ಕಡೆ ಕದಿರು. ಗಾಲಿ ಕಂಬದ ಕಡೆಗೆ ಇರಬೇಕೆಂದು ಹಿಂದುಮುಂದು ಒಂದೇ ಚಿತ್ರ ಹಾಕಹೋದರೆ ತಲೆನೋವು. ಚಕ್ರಕ್ಕೆ ಎಡಬಲ ಇಲ್ಲ, ಯಾವ ಕಡೆಯಿಂದ ನೋಡಿದರೂ ಚಕ್ರವೇ.

ಗಾಂಧೀಜಿಗೆ ಇದು ಹಿಡಿಸಲಿಲ್ಲ. ಚರಕವಿಲ್ಲದ ಬಾವುಟಕ್ಕೆ ತಾವು ವಂದಿಸುವುದಿಲ್ಲ ಎಂದು ಆ ಆಗಸ್ಟ್‌ನಲ್ಲಿ ನೇರವಾಗಿಯೇ ಹೇಳಿದರು. ಶಾಲೆಯ ಭಾಷಣಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ಚಕ್ರದ ಸಲಹೆ ತಮ್ಮದು, ಮಾದರಿ ಬಾವುಟ ಮಾಡಿಸಿದ್ದು ತಮ್ಮ ಪತ್ನಿ ಸುರಯ್ಯಾ ಎಂದು ಐಸಿಎಸ್ ಅಧಿಕಾರಿ ಬದ್ರುದ್ದೀನ್ ತ್ಯಾಬ್ಜಿ ಹೇಳಿಕೊಂಡಿದ್ದಾರೆ. ಕಾಂಗ್ರೆಸ್‌ನ ಮೂರನೇ ಅಧ್ಯಕ್ಷರಾಗಿದ್ದ ಮುಂಬೈಯ ಬ್ಯಾರಿಸ್ಟರ್ ಬದ್ರುದ್ದೀನ್ ತ್ಯಾಬ್ಜಿ ಇವರ ಅಜ್ಜ. ವೆಂಕಯ್ಯನವರ ಪಕ್ಷದವರಿಗೂ ತ್ಯಾಬ್ಜಿ ಪಕ್ಷದವರಿಗೂ ಪ್ರತಿ ಆಗಸ್ಟ್‌ನಲ್ಲಿ ಒಂದು ಸುತ್ತು ಕುಸ್ತಿ ನಡೆಯುತ್ತದೆ. ನನ್ನ ಮಟ್ಟಿಗೆ, ಮೂರು ಪಟ್ಟಿಯ ಬಾವುಟವನ್ನು ಬೆಳೆಸಿದವರೂ ಗಾಲಿಯನ್ನು ಬದಲಿಸಿದವರೂ ಬೇರೆ ಬೇರೆ ಜನ. ಒಬ್ಬರಿಗೆ ಹಾರ ಹಾಕಲು ಇನ್ನೊಬ್ಬರ ಕೊರಳಿನಿಂದ ಕೀಳಬೇಕಾಗಿಲ್ಲ.

ವಾಶಿಯ ರಾಯಚೂರಿಗ | ಜುಲೈ 22, ಬೆಳಿಗ್ಗೆ 9.05

ಒಂದು ಮಾತು ಸೇರಿಸುತ್ತೇನೆ. ಆ ಚಕ್ರ ಸಾರನಾಥದ ಅಶೋಕ ಸ್ತಂಭದ್ದು. ಆದರೆ ಶಾಸನಗಳಲ್ಲಿ ಬರುವ "ದೇವಾನಾಂಪ್ರಿಯ" ಅಶೋಕನೇ ಎಂದು ಕಲ್ಲಿನಲ್ಲೇ ಓದಿಸಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ. ಅದು ಸಿಕ್ಕಿದ್ದು 1915ರಲ್ಲಿ, ಚಿನ್ನ ಹುಡುಕಲು ಬಂದಿದ್ದ ಗಣಿ ಎಂಜಿನಿಯರ್ ಒಬ್ಬರ ಕಣ್ಣಿಗೆ. ಜಂಬವಲ್ಲ, ಸಣ್ಣ ಹೆಮ್ಮೆ.

ನಾರಾಯಣ ಪೇಟೆ | ಜುಲೈ 22, ಮಧ್ಯಾಹ್ನ 1.40

ಡೊಂಬಿವಲಿಯವರ ಸೊಸೈಟಿಯ ಆ ಪಾರ್ಸಿ ಅಜ್ಜಿಯನ್ನು ನೀವೆಲ್ಲ ಮರೆತಿರಿ. ಅವರು ಹೇಳಿದ್ದು ಪೂರ್ತಿ ತಪ್ಪಲ್ಲ. 1907ರ ಆಗಸ್ಟ್ 22ರಂದು ಜರ್ಮನಿಯ ಸ್ಟುಟ್‌ಗಾರ್ಟ್‌ನ ಸಮಾಜವಾದಿ ಸಮ್ಮೇಳನದಲ್ಲಿ ಮೇಡಂ ಭಿಕಾಜಿ ಕಾಮಾ ಭಾರತದ ಬಾವುಟ ಬಿಚ್ಚಿ ತೋರಿಸಿದರು. ಮುಂಬೈಯಲ್ಲಿ ಹುಟ್ಟಿ, ದಶಕಗಳ ಕಾಲ ಯುರೋಪಿನಲ್ಲಿ ಅಲೆದು, ಕೊನೆಗೆ 1936ರಲ್ಲಿ ಮುಂಬೈಯಲ್ಲೇ ತೀರಿಕೊಂಡವರು.

ಆ ಬಾವುಟವನ್ನು ಇಂದುಲಾಲ್ ಯಾಜ್ಞಿಕ್ ಗುಟ್ಟಾಗಿ ಭಾರತಕ್ಕೆ ತಂದರು. ಅದು ಈಗ ನಮ್ಮ ಪುಣೆಯಲ್ಲಿ, ತಿಲಕರ ಕೇಸರಿವಾಡೆಯಲ್ಲಿ ಇದೆ. ಮದುವೆಯಾಗಿ ಬಂದ ಹೊಸತರಲ್ಲಿ ಗಣಪತಿ ನೋಡಲು ಹೋಗಿದ್ದೆ. ಜನಜಂಗುಳಿಯಿಂದ ತಪ್ಪಿಸಿಕೊಳ್ಳಲು ಒಳಗೆ ನುಗ್ಗಿದವಳಿಗೆ ಗಾಜಿನ ಹಿಂದೆ ಬಾವುಟ ಕಂಡಿತು. ಮೇಲೆ ಹಸಿರು ಪಟ್ಟಿ, ಅದರಲ್ಲಿ ಎಂಟು ಪ್ರಾಂತಗಳ ಲೆಕ್ಕದಲ್ಲಿ ಎಂಟು ಕಮಲ. ನಡುವಿನ ಪಟ್ಟಿಯಲ್ಲಿ ದೇವನಾಗರಿಯಲ್ಲಿ ವಂದೇ ಮಾತರಂ. ಕೆಳಗೆ ಕೆಂಪಿನಲ್ಲಿ ಸೂರ್ಯ ಮತ್ತು ಚಂದ್ರ. ಅವತ್ತು ನನಗೆ ಅನ್ನಿಸಿದ್ದನ್ನೇ ಹೇಳುತ್ತೇನೆ: ಬಹಳ ತುಂಬಿಸಿದ್ದಾರೆ. ಮದುವೆಯ ಆಮಂತ್ರಣ ಪತ್ರಿಕೆಯಂತೆ ಯಾರನ್ನೂ ಬಿಡುವಂತಿಲ್ಲ.

ಮುಂಬೈಯವರಿಗೆ ಇನ್ನೊಂದು. ನಿಮ್ಮ ಮಂತ್ರಾಲಯ ನಿಂತಿರುವುದು ಮೇಡಂ ಕಾಮಾ ರಸ್ತೆಯಲ್ಲಿ. (ನಮ್ಮ ಅಜ್ಜಿಗೆ ಮಂತ್ರಾಲಯ ಎಂದರೆ ರಾಯರ ಮಠ ಒಂದೇ, ಅಲ್ಲಿ ಮಂತ್ರಿಗಳು ಕೂರುತ್ತಾರೆ ಎಂದಾಗ ಕೆನ್ನೆ ಬಡಿದುಕೊಂಡಿದ್ದರು.) ಅದರ ಮೇಲೆ ಹಾರುವುದು ಅಳತೆಗಳಲ್ಲೆಲ್ಲ ದೊಡ್ಡದಾದ ಬಾವುಟ.

ಹಳದಿ ಕೆಂಪು | ಜುಲೈ 22, ಮಧ್ಯಾಹ್ನ 2.15

ಎಲ್ಲ ಸರಿ, ನಮ್ಮ ಕನ್ನಡ ಬಾವುಟದ ಬಗ್ಗೆ ಯಾರೂ ಏಕೆ ಮಾತಾಡುವುದಿಲ್ಲ? 2018ರಲ್ಲಿ ಗಂಡಭೇರುಂಡದ ಬಾವುಟ ತಂದರಲ್ಲ, ಏನಾಯಿತು?

ನಿರ್ವಾಹಕ | ಜುಲೈ 22, ಮಧ್ಯಾಹ್ನ 2.30

ಅದಕ್ಕೆ ಬೇರೆ ಎಳೆ ಇದೆ, ಅಲ್ಲಿ ಆಗಲೇ 140 ಉತ್ತರಗಳಿವೆ. ಇಲ್ಲಿ ತ್ರಿವರ್ಣ ಮಾತ್ರ, ದಯವಿಟ್ಟು.

ಗರಗದ ಮೊಮ್ಮಗಳು | ಜುಲೈ 22, ರಾತ್ರಿ 9.50

ಎರಡು ದಿನದಿಂದ ಓದುತ್ತಿದ್ದೇನೆ. ಎಲ್ಲರೂ ಬರೆದವರ ಹೆಸರು ಹುಡುಕುತ್ತಿದ್ದೀರಿ, ನೇಯ್ದವರನ್ನು ಒಬ್ಬರೂ ಕೇಳಲಿಲ್ಲ.

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ಹುಟ್ಟೂರು ಧಾರವಾಡ ತಾಲ್ಲೂಕಿನ ಗರಗ. ನಮ್ಮೂರಿನಲ್ಲಿ ಬಾವುಟವನ್ನು ಝೇಂಡಾ ಎನ್ನುತ್ತಾರೆ, ಅದರ ಬಟ್ಟೆ ನೇಯುವುದನ್ನು "ಝೇಂಡಾದ ಕೆಲಸ" ಎನ್ನುತ್ತಾರೆ. ನನ್ನ ಅಮ್ಮನ ತಾಯಿ ಅದೇ ಕೆಲಸ ಮಾಡಿದವಳು. ಹತ್ತಿಯ ಹಂಜಿ ಹಿಡಿದು ಚರಕದ ಮುಂದೆ ಕುಳಿತರೆ ನಾವು ಮಕ್ಕಳು ಅಂಗಳದಲ್ಲಿ ಓಡಾಡುವಂತಿಲ್ಲ; ದೂಳು ಹಾರಿದರೆ ನೂಲು ಕೆಡುತ್ತದೆ. ನೂಲಿನ ಲಡಿ ಒಪ್ಪಿಸಲು ಹೋದಾಗ ನೂಲು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಕಂಡರೆ ಹಿಂದಕ್ಕೆ ಬರುತ್ತಿತ್ತು. ಅವಳು ಅತ್ತದ್ದನ್ನು ನಾನು ನೋಡಿದ್ದು ಆ ಒಂದು ಕಾರಣಕ್ಕೆ ಮಾತ್ರ.

ಗರಗದ, ಬಾಗಲಕೋಟೆ ಕಡೆಯ ತುಳಸಿಗೇರಿಯ ಬಟ್ಟೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗುತ್ತದೆ. ಅಲ್ಲಿರುವುದು 1957ರ ನವೆಂಬರ್ 1ರಂದು ಆರಂಭವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಇಸ್ತ್ರಿ ಮಾಡಿ ಹಗ್ಗ ಕೂಡಿಸುವುದು ಎಲ್ಲ ಅಲ್ಲಿ. ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಮೂರು ಪಟ್ಟಿಗಳನ್ನು ಬೇರೆ ಬೇರೆ ಬಣ್ಣದ ಬಟ್ಟೆಯಲ್ಲಿ ಕತ್ತರಿಸಿ ಹೊಲಿಯುತ್ತಾರೆ, ಒಂದೇ ಬಟ್ಟೆಯ ಮೇಲೆ ಮೂರು ಬಣ್ಣ ಬಳಿಯುವುದಲ್ಲ. ಚಕ್ರವನ್ನು ಎರಡೂ ಮೈಗೆ ಒತ್ತಬೇಕು, ಹಿಂದಿನದು ಮುಂದಿನದರ ನೇರಕ್ಕೆ ಕೂತುಕೊಳ್ಳಬೇಕು. ಕೂದಲೆಳೆಯಷ್ಟು ಸರಿದರೂ ಬಿಸಿಲಿಗೆ ಹಿಡಿದಾಗ 24 ಕಡ್ಡಿ 48 ಆಗಿ ಕಾಣುತ್ತದೆ. ಕಂಬದ ಕಡೆ ಹಗ್ಗ ತೂರಿಸುವ ಪಟ್ಟಿಗೆ ಡಕ್ ಎಂಬ ದಪ್ಪ ಖಾದಿ ಬೇರೆಯೇ ಇದೆ. ಅದನ್ನು ನೇಯಬಲ್ಲವರು ಬಹಳ ಕಡಿಮೆ.

ನಮ್ಮ ದೇಶದ ಸರಕುಗಳಿಗೆ ಗುಣಮಟ್ಟದ ನಿಯಮ ಬರೆಯತೊಡಗಿದಾಗ ಮೊದಲ ನಂಬರು ಕೊಟ್ಟದ್ದು ಬಾವುಟಕ್ಕೆ: ಐಎಸ್ 1, ಅಂದರೆ ಇಂಡಿಯನ್ ಸ್ಟ್ಯಾಂಡರ್ಡ್ 1. ಸಿಮೆಂಟು, ಉಕ್ಕು ಎಲ್ಲ ಆಮೇಲೆ. ಅದರಲ್ಲಿ ಒಂಬತ್ತು ಅಳತೆಗಳಿವೆ. ದೊಡ್ಡದು 6300×4200 ಮಿಲಿಮೀಟರ್, ಅದರ ಚಕ್ರವೇ 1295, ನನ್ನ ಮಗಳ ಎತ್ತರಕ್ಕಿಂತ ಹೆಚ್ಚು. ಚಿಕ್ಕದು ಮೇಜಿನ ಮೇಲಿಡುವ 150×100. ಕಾರಿನ ಮುಂದೆ ಹಾರುವುದು 225×150. ನೂಲಿನ ದಪ್ಪ, ಬಟ್ಟೆಯ ತೂಕ, ಬಣ್ಣ ಬಿಸಿಲಿಗೆ ಎಷ್ಟು ತಡೆಯಬೇಕು ಎಲ್ಲಕ್ಕೂ ಲೆಕ್ಕ ಉಂಟು. ಇಷ್ಟೆಲ್ಲ ಮಾಡಿ ಕೂತವರಿಗೆ 2021ರಲ್ಲಿ "ಪಾಲಿಯೆಸ್ಟರೂ ಸರಿ" ಎಂಬ ಸುದ್ದಿ ಬಂದಾಗ ಹೇಗಾಗಿರಬೇಕು? ಬೆಂಗೇರಿಯ ಕಾರ್ಮಿಕರು ಪ್ರತಿಭಟನೆಗೆ ಕೂತರು. ಅಜ್ಜಿ ಅದನ್ನು ನೋಡಲು ಇರಲಿಲ್ಲ, ಇರದಿದ್ದದ್ದೇ ಒಳ್ಳೆಯದಾಯಿತು.

ಥಾನು ಲೆಕ್ಕ | ಜುಲೈ 22, ರಾತ್ರಿ 10.40

ತಂಗಿ, ನಿಮ್ಮ ಅಜ್ಜಿಗೆ ಕೈಮುಗಿಯುತ್ತೇನೆ. ಆದರೂ ಬಟ್ಟೆ ವ್ಯಾಪಾರದಲ್ಲಿ ತಲೆ ನರೆತವನ ಮಾತನ್ನೂ ಕೇಳಿ.

2002ರ ಜನವರಿ 26ರವರೆಗೆ ಜನಸಾಮಾನ್ಯರು ವರ್ಷವಿಡೀ ಮನೆಯ ಮೇಲೆ ಬಾವುಟ ಹಾರಿಸುವಂತೆಯೇ ಇರಲಿಲ್ಲ. ಕೆಲವು ದಿನಗಳಿಗೆ ಮಾತ್ರ ಸಡಿಲಿಕೆ. ಉದ್ಯಮಿ ನವೀನ್ ಜಿಂದಲ್ ಕೋರ್ಟಿಗೆ ಹೋಗಿ ಹೋರಾಡಿ, 2004ರಲ್ಲಿ ಸುಪ್ರೀಂ ಕೋರ್ಟ್ ಇದು ನಾಗರಿಕನ ಹಕ್ಕು ಎಂದಿತು. ಹಕ್ಕು ಬಂದ ಮೇಲೆ ಕೈಗೆಟುಕುವ ಬೆಲೆಯೂ ಬೇಡವೇ? ಚಾಳಿನ ಒಂದು ಕೋಣೆಯಲ್ಲಿರುವವನು ಇಪ್ಪತ್ತು ರೂಪಾಯಿ ಕೊಟ್ಟು ಕಿಟಕಿಗೆ ಕಟ್ಟಿದರೆ ಅವನ ಅಭಿಮಾನವೇನು ಕಡಿಮೆ ತೂಕದ್ದೇ? 2022ರ ಮನೆಮನೆ ತಿರಂಗಾ ಸಮಯದಲ್ಲಿ ಕೇಳಿದಷ್ಟು ಬಾವುಟಗಳನ್ನು ಕೈಮಗ್ಗದಲ್ಲಿ ನೇಯಲು ಸಾಧ್ಯವಿತ್ತೇ? ಇದು ಮುಂಬೈಯ ಆಗಸ್ಟ್. ನೆಂದ ಖಾದಿ ಕಂಬಕ್ಕೆ ಅಂಟಿಕೊಂಡು ಒದ್ದೆ ಪಂಚೆಯಂತೆ ಜೋತಾಡುತ್ತದೆ. ಪಾಲಿಯೆಸ್ಟರ್ ಒಂದು ಗಾಳಿಗೆ ಒಣಗಿ ಹಾರುತ್ತದೆ.

ಇನ್ನೊಂದು ತಿದ್ದುಪಡಿ: ನೀವು ಹೇಳದಿದ್ದರೂ ಎಲ್ಲರೂ ಹುಬ್ಬಳ್ಳಿ ಒಂದೇ ಎಂದುಕೊಳ್ಳುತ್ತಾರೆ. ನಮ್ಮ ಮಹಾರಾಷ್ಟ್ರದ ನಾಂದೇಡದಲ್ಲೂ ಖಾದಿ ಬಾವುಟ ತಯಾರಾಗುತ್ತದೆ.

ಗರಗದ ಮೊಮ್ಮಗಳು | ಜುಲೈ 22, ರಾತ್ರಿ 11.05

ಅಣ್ಣ, ಚಾಳಿನವನ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು 22 ಕಡ್ಡಿ ಅಚ್ಚೊತ್ತಿ ಮಾರುವವನ ಬಗ್ಗೆ. ಇಪ್ಪತ್ತು ರೂಪಾಯಿಯ ಬಾವುಟದಲ್ಲೂ 24 ಎಣಿಸಬಹುದು, ಅದಕ್ಕೆ ಹೆಚ್ಚು ಶಾಯಿ ಬೇಡ. ಮತ್ತು ಹದಿನಾರರ ಬೆಳಿಗ್ಗೆ ಲೋಕಲ್ ಪ್ಲಾಟ್‌ಫಾರ್ಮಿನಲ್ಲಿ ಕಾಲಿಗೆ ಸಿಗುವವು ಯಾವ ಬಾವುಟಗಳು ಎಂದು ನಿಮಗೂ ಗೊತ್ತು.

ಥಾನು ಲೆಕ್ಕ | ಜುಲೈ 22, ರಾತ್ರಿ 11.12

ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ವಾಸ್ಕೊ ಬಂದರು | ಜುಲೈ 23, ಬೆಳಿಗ್ಗೆ 6.20

ಹಡಗಿನಲ್ಲಿ ಮೂವತ್ತು ವರ್ಷ ಕಳೆದವನು ನಾನು. ಬಾವುಟ ತಲೆಕೆಳಗಾದ ಕಥೆ ಓದಿ ನಗು ಬಂತು. ಇದಕ್ಕೆ ಮದ್ದು ಬಹಳ ಸುಲಭ. ಸರಿಯಾದ ಬಾವುಟದಲ್ಲಿ ಕಂಬದ ಕಡೆಯ ಹಗ್ಗದ ಒಂದು ತುದಿಗೆ ಮರದ ಪುಟ್ಟ ಗುಬಟು, ಇನ್ನೊಂದು ತುದಿಗೆ ಕುಣಿಕೆ ಇರುತ್ತದೆ. ಗುಬಟಿನ ತುದಿ ಯಾವಾಗಲೂ ಮೇಲೆ, ಅಂದರೆ ಕೇಸರಿಯ ಕಡೆ. ಕತ್ತಲಲ್ಲಿ ಕಣ್ಣುಮುಚ್ಚಿ ಕಟ್ಟಿದರೂ ತಪ್ಪಾಗುವುದಿಲ್ಲ. ಗಾಡಿಯ ಬಾವುಟಕ್ಕೆ ಎರಡೂ ಕಡೆ ಒಂದೇ ರೀತಿ ದಾರ ಕೊಡುತ್ತಾರೆ, ಅಲ್ಲೇ ಎಡವಟ್ಟು. ಹಿಂದಿನ ದಿನವೇ ಒಮ್ಮೆ ಏರಿಸಿ ನೋಡಿ.

ಗೋಡೆಗೆ ಉದ್ದುದ್ದ ತೂಗಿಸುವವರಿಗೂ ಒಂದು ಮಾತು: ನೋಡುವವರ ಎಡಕ್ಕೆ ಕೇಸರಿ ಬರಬೇಕು.

ನಾನು ಮೂಲತಃ ಕಾರವಾರದವನು. ಗೋವಾದಲ್ಲಿ ಈ ಬಾವುಟದ ಲೆಕ್ಕವೇ ಬೇರೆ. ದೇಶ 1947ರಲ್ಲಿ ಸ್ವತಂತ್ರವಾದರೂ ಇಲ್ಲಿ ಇನ್ನೂ ಹದಿನಾಲ್ಕು ವರ್ಷ ಹಾರಿದ್ದು ಪೋರ್ಚುಗಲ್‌ನ ಹಸಿರು ಕೆಂಪು ಬಾವುಟ, ನಡುವೆ ನಾವಿಕರ ಹಳೆಯ ಗೋಳಯಂತ್ರ. 1955ರ ಆಗಸ್ಟ್ 15ರಂದು ಪತ್ರಾದೇವಿ ಗಡಿಯಲ್ಲಿ ತ್ರಿವರ್ಣ ಹಿಡಿದು ಒಳಗೆ ನಡೆದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಬಾವುಟ ಹಿಡಿದಿದ್ದ ಮಧ್ಯಪ್ರದೇಶದ ಸಹೋದ್ರಾಬಾಯಿ ರಾಯ್ ಗುಂಡು ತಿಂದೂ ಬದುಕಿದರು, ಮುಂದೆ ಲೋಕಸಭೆಗೂ ಹೋದರು. ಪಂಜಾಬಿನ ಕರ್ನೈಲ್ ಸಿಂಗ್ ಅಲ್ಲೇ ಸತ್ತರು.

ಕಾರವಾರದ ಎದುರಿಗೇ ಅಂಜದೀವ ದ್ವೀಪ ಇದೆ, ಆದರೆ ಅದು ಸೇರಿದ್ದು ಗೋವಾಕ್ಕೆ. 1961ರ ಡಿಸೆಂಬರ್‌ನಲ್ಲಿ ಅದನ್ನು ಹಿಡಿಯಲು ಬಂದದ್ದು ಐಎನ್ಎಸ್ ಮೈಸೂರು ಮತ್ತು ಐಎನ್ಎಸ್ ತ್ರಿಶೂಲ್. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತು. ಅದನ್ನು ನಂಬಿ ದಡಕ್ಕೆ ಇಳಿದ ನಮ್ಮ ನಾವಿಕರ ಮೇಲೆ ಒಳಗಿನಿಂದ ಗುಂಡು ಬಂತು, ಏಳು ಜನ ಸತ್ತರು. ಬಾವುಟ ಬರೀ ಬಟ್ಟೆ ಎನ್ನುವವರಿಗೆ ನಾನು ಈ ಬಿಳಿ ಬಟ್ಟೆಯ ಕಥೆ ಹೇಳುತ್ತೇನೆ. ಅದರಲ್ಲಿ ಬಣ್ಣವೂ ಇರಲಿಲ್ಲ, ಚಕ್ರವೂ ಇರಲಿಲ್ಲ.

ನಾರಾಯಣ ಪೇಟೆ | ಜುಲೈ 23, ಬೆಳಿಗ್ಗೆ 10.00

ಕಾಕಾ, ಕಾರವಾರದ ಕಡಲತೀರದಲ್ಲಿ ನಿಂತು ಆ ದ್ವೀಪದ ಫೋಟೊ ಎಷ್ಟು ಸಲ ತೆಗೆದಿದ್ದೇನೋ. ಇದು ಗೊತ್ತಿರಲಿಲ್ಲ.

ಡೊಂಬಿವಲಿ ಫಾಸ್ಟ್ | ಜುಲೈ 24, ರಾತ್ರಿ 9.30

ಎಲ್ಲರಿಗೂ ಋಣಿ. ಹುಡುಗನಿಗೆ ಒಂದು ಹೆಸರಿನ ಬದಲು ಇಡೀ ಕಥೆ ಹೇಳಿದೆ. "ಪರೀಕ್ಷೆಯಲ್ಲಿ ಬಂದರೆ ಏನು ಬರೆಯಲಿ?" ಎಂದ. ಪಿಂಗಳಿ ವೆಂಕಯ್ಯ ಎಂದು ಬರೆ, ಅಂಕ ಸಿಗುತ್ತದೆ ಎಂದೆ. ಮಾಸ್ತರರು ಕ್ಷಮಿಸಬೇಕು.

ಈಗ ಅವನೇ ಚಕ್ರ ಬರೆಯುತ್ತೇನೆ ಎಂದು ಕೂತಿದ್ದಾನೆ. 24 ಭಾಗ ಸರಿಯಾಗಿ ಮಾಡುವುದು ಹೇಗೆ? ಅಳತೆಯ ಪ್ರಶ್ನೆಗೂ ಯಾರೂ ಉತ್ತರಿಸಲಿಲ್ಲ.

ಮಾಟುಂಗದ ಮಾಸ್ತರ್ | ಜುಲೈ 24, ರಾತ್ರಿ 10.10

ಕ್ಷಮಿಸಿದೆ, ನಾನೂ ಹಾಗೇ ಅಂಕ ಕೊಟ್ಟವನು.

360 ಡಿಗ್ರಿಯನ್ನು 24ರಿಂದ ಭಾಗಿಸಿದರೆ 15. ಕಂಪಾಸ್ ಪೆಟ್ಟಿಗೆಯಲ್ಲಿ ಎರಡು ಮೂಲೆಮಟ್ಟಗಳಿರುತ್ತವೆ, ಯಾರೂ ಬಳಸದೆ ಹೊಸದರಂತೆಯೇ ಉಳಿಯುವಂಥವು. ಒಂದರಲ್ಲಿ 45 ಡಿಗ್ರಿ, ಇನ್ನೊಂದರಲ್ಲಿ 30 ಮತ್ತು 60. 45ರಲ್ಲಿ 30 ಕಳೆದರೆ 15, ಎರಡನ್ನೂ ಕೂಡಿಸಿದರೆ 75. ಅವೆರಡನ್ನು ಜೋಡಿಸುತ್ತ ಹೋದರೆ ಕೋನಮಾಪಕವೇ ಬೇಡ. ಮೊದಲ ಗೆರೆ ನೆಟ್ಟಗೆ ಮೇಲಕ್ಕೆ ಇರಲಿ. ಇನ್ನು ಚಕ್ರದ ದೊಡ್ಡತನ: 900×600ರ ಬಾವುಟದಲ್ಲಿ ಬಿಳಿ ಪಟ್ಟಿಯ ಅಗಲ 200, ಚಕ್ರ 185. ಅಂದರೆ ಪಟ್ಟಿಯನ್ನು ಹೆಚ್ಚುಕಡಿಮೆ ತುಂಬಿರಬೇಕು. ಮಕ್ಕಳು ನಾಲ್ಕಾಣೆ ಇಟ್ಟು ಗೆರೆ ಎಳೆದು ಬಿಡುತ್ತಾರೆ, ಹಣೆಗೆ ಕುಂಕುಮ ಇಟ್ಟಂತೆ ಕಾಣುತ್ತದೆ.

ವಾಸ್ಕೊ ಬಂದರು | ಜುಲೈ 25, ಬೆಳಿಗ್ಗೆ 6.05

ಅಳತೆ: ಕಂಬದ ಎತ್ತರದ ನಾಲ್ಕನೆಯ ಒಂದು ಪಾಲು ಬಾವುಟದ ಉದ್ದ ಇದ್ದರೆ ಚೆಂದ. ಇಪ್ಪತ್ತು ಅಡಿಗೆ 1350×900 ತೆಗೆದುಕೊಳ್ಳಿ. ಅದಕ್ಕಿಂತ ದೊಡ್ಡದಾದರೆ ಮಳೆಗಾಳಿಗೆ ನಿಮ್ಮ ಕಂಬ ಬಾಗುತ್ತದೆ.

ಡೊಂಬಿವಲಿ ಫಾಸ್ಟ್ | ಆಗಸ್ಟ್ 8, ರಾತ್ರಿ 8.45

ಬಾವುಟ ಬಂತು. 1350×900, ಖಾದಿ, ಹುಬ್ಬಳ್ಳಿಯದು. ಹುಡುಗನ ಕೈಗೇ ಮೊದಲು ಕೊಟ್ಟೆ. ನೆಲಕ್ಕೆ ತಾಗದಂತೆ ಅವನ ಅಮ್ಮ ಒಂದು ತುದಿ ಹಿಡಿದರು, ಕಿಟಕಿಯ ಬೆಳಕಿಗೆ ಹಿಡಿದು ಎಣಿಸಿದ. 24. ಹಿಂದಿನಿಂದಲೂ ಎಣಿಸಿದ. 24. ಗರಗದ ಅಕ್ಕನಿಗೆ ತಿಳಿಸಬೇಕಂತೆ, ತಿಳಿಸಿದ್ದೇನೆ.

ಹಳೆಯ ಬಾವುಟ ಇನ್ನೂ ಕಚೇರಿಯ ಕಪಾಟಿನಲ್ಲಿದೆ. ಅದನ್ನು ಏನು ಮಾಡಬೇಕು?

ವಾಸ್ಕೊ ಬಂದರು | ಆಗಸ್ಟ್ 9, ಬೆಳಿಗ್ಗೆ 6.15

ಕಸಕ್ಕೆ ಹಾಕಬೇಡಿ, ಒರೆಸುವ ಬಟ್ಟೆಯೂ ಮಾಡಬೇಡಿ. ಹರಿದ, ಕೆಟ್ಟ ಬಾವುಟವನ್ನು ಜನರ ಕಣ್ಣಿಗೆ ಬೀಳದಂತೆ, ಗೌರವದಿಂದ ಪೂರ್ತಿಯಾಗಿ ಇಲ್ಲವಾಗಿಸಬೇಕು. ಸಂಹಿತೆಯ ಪ್ರಕಾರ ಸುಡುವುದು ಮೇಲು. ಪಾಲಿಯೆಸ್ಟರ್ ಆದ್ದರಿಂದ ಬಯಲಿನಲ್ಲಿ, ಹೊಗೆಯಿಂದ ದೂರ ನಿಂತು.

ಗರಗದ ಮೊಮ್ಮಗಳು | ಆಗಸ್ಟ್ 9, ಬೆಳಿಗ್ಗೆ 8.30

ಫೋಟೊ ಅಮ್ಮನಿಗೆ ಕಳುಹಿಸಿದೆ. "ಹೊಲಿಗೆ ಚಲೋ ಇದೆ" ಎಂದಳು. ಅವಳ ಬಾಯಿಂದ ಅಷ್ಟು ಬಂದರೆ ದೊಡ್ಡದು.

ಡೊಂಬಿವಲಿ ಫಾಸ್ಟ್ | ಆಗಸ್ಟ್ 13, ರಾತ್ರಿ 10.50

ಇವತ್ತು ಏರಿಸಿ ನೋಡಿದೆವು. ಗುಬಟು ಮೇಲೆ, ಕೇಸರಿ ಮೇಲೆ, ಎಲ್ಲ ಸರಿ. ಆದರೆ ಹೋದ ವರ್ಷದ ಜಾಗದಲ್ಲೇ ಮತ್ತೆ ಸಿಕ್ಕಿಕೊಂಡಿತು. ತಪ್ಪು ಬಾವುಟದ್ದಲ್ಲ, ಕಂಬದ ತುದಿಯ ರಾಟೆಗೆ ತುಕ್ಕು ಹಿಡಿದಿದೆ. ಡೊಂಬಿವಲಿ ಪೂರ್ವದಲ್ಲಿ ಯಾರ ಬಳಿಯಾದರೂ ಇಪ್ಪತ್ತು ಅಡಿ ಏಣಿ ಇದೆಯೇ? ನಾಳೆ ಸಂಜೆಯೊಳಗೆ ಬೇಕು.